ಹಿಂದಿನ ಸಾಲಿನಲ್ಲಿ ಕೂರುವವರು

ಮೊನ್ನೆ ಹರಪನಹಳ್ಳಿಯ ನಮ್ಮ ಹಳೆಯ ಷೋರೂಮಿನಿಂದ ಫೋನು ಬಂದಿತ್ತು. ಹೊಸದಾಗಿ ಆರು ಜನ ಮಾರಾಟದ ಕೆಲಸಕ್ಕೆ ಸೇರಿದ್ದಾರೆ, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು, ಬಂದು ಅರ್ಧ ಗಂಟೆ ಅನುಭವ ಹೇಳಿ ಎಂದರು. ಹೋದೆ. ಕೈಗೆ ಮೈಕು ಕೊಟ್ಟರು. ಗಾಡಿಯ ಬಾಗಿಲು ತೆರೆದು ನಿಲ್ಲಿಸಿದರೆ ನಾನು ಎರಡು ತಾಸು ಮಾತಾಡಬಲ್ಲೆ. ಮೈಕು ಹಿಡಿದು ಎರಡು ನಿಮಿಷ ಮಾತಾಡಲಾರೆ. "ಗಿರಾಕಿ ಜೊತಿ ಪ್ರೀತಿಯಿಂದ ಇರ್ರಿ" ಎಂದಷ್ಟೇ ಹೇಳಿ, ಅವರು ಹೊದಿಸಿದ ಶಾಲು ಹೊದ್ದು, ಚಹಾ ಕುಡಿದು ಮನೆಗೆ ಬಂದೆ. ಬಂದ ಮೇಲೆ ಸಮಾಧಾನವಾಗಲಿಲ್ಲ. ಪಾಪ, ಆ ಆರೂ ಜನ ನೋಟ್‌ಬುಕ್ಕು ತೆರೆದು ಪೆನ್ನು ಹಿಡಿದು ಕೂತಿದ್ದರು. ಅವರ ಪುಟ ಖಾಲಿ ಉಳಿಯಿತಲ್ಲ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಕೊಟ್ರೇಶಪ್ಪ. ಊರು ಕೊಟ್ಟೂರು. ಮೂವತ್ತು ವರ್ಷದ ಹತ್ತಿರ ಗಾಡಿ ಮಾರುವ ಕಂಪನಿಯೊಂದರಲ್ಲಿ ದುಡಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ಸುತ್ತಲಿನ ಹಳ್ಳಿಗಳಲ್ಲಿ ನಾನು ಚಹಾ ಕುಡಿಯದ ಮನೆ ಕಡಿಮೆ. ನಾನು ಮಾತ್ರ ಕಾರು ಕೊಳ್ಳಲಿಲ್ಲ. ಇಂದಿಗೂ ನನ್ನದು ದ್ವಿಚಕ್ರವೇ. ನನ್ನ ಕೈಯಿಂದ ಹೆಚ್ಚು ಹೋದದ್ದು ಮೂರು ಸಾಲು ಸೀಟಿನ ದೊಡ್ಡ ಗಾಡಿಗಳು. ನಮ್ಮ ಕಡೆ ಮನೆಯೆಂದರೆ ನಾಲ್ಕು ಜನರಲ್ಲ. ಅಣ್ಣತಮ್ಮಂದಿರು, ಅವರ ಹೆಂಡಂದಿರು, ಮಕ್ಕಳು, ತಾಯಿ, ರಜೆಗೆ ಬಂದ ತಂಗಿ. ಅಷ್ಟೂ ಮಂದಿ ಒಂದೇ ಗಾಡಿಯಲ್ಲಿ ಹೋಗಬೇಕು ಅನ್ನುವುದು ಇಲ್ಲಿಯ ಆಸೆ.

ನಾನು ಕೆಲಸ ಕಲಿತದ್ದು ಹೊಸಪೇಟೆಯಲ್ಲಿ. ಅಲ್ಲಿ ನಮ್ಮ ಮೇಲಿನವರು ಇಮಾಮ್ ಸಾಹೇಬರು. ಮೆಕ್ಯಾನಿಕ್ ಆಗಿ ಸೇರಿ ಮ್ಯಾನೇಜರ್ ಆದವರು. ಬಿಳಿ ಅಂಗಿಯ ತೋಳು ಮಡಚಿದರೆ ಹಳೆಯ ಸುಟ್ಟ ಗಾಯಗಳು ಕಾಣುತ್ತಿದ್ದವು. ಆಗ ಮೂರನೇ ಸಾಲು ಅಂತ ಇರಲಿಲ್ಲ. ಹಿಂದುಗಡೆ ಎದುರುಬದುರು ಎರಡು ಉದ್ದನೆಯ ಬೆಂಚು. ಕೊಳ್ಳುವವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಷ್ಟು ಮಂದಿ ಹಿಡೀತಾರ?" ನಾನು ಸೇರಿದ ಮೊದಲ ವಾರ, ಕೂಡ್ಲಿಗಿಯ ಗಿರಾಕಿಯೊಬ್ಬರಿಗೆ ಹೊಸ ಗಾಡಿ ಮುಟ್ಟಿಸಲು ಹೊರಟಾಗ ಸಾಹೇಬರು ನನ್ನನ್ನೂ ಕರೆದರು. ಮುಂದಿನ ಬಾಗಿಲಿಗೆ ಕೈ ಹಾಕಿದೆ. "ಅಲ್ಲಲ್ಲ, ಹಿಂದ ಹತ್ತು" ಎಂದರು. ಆಗಿನ ಆ ರಸ್ತೆ ಕಂಡವರಿಗೆ ಹೇಳಬೇಕಾಗಿಲ್ಲ. ಕೂಡ್ಲಿಗಿ ಬರುವಷ್ಟರಲ್ಲಿ ತಲೆ ನಾಲ್ಕು ಸಲ ಮೇಲಿನ ತಗಡಿಗೆ ಬಡಿದಿತ್ತು. ಬಸ್ ನಿಲ್ದಾಣದ ಮುಂದೆ ಚಹಾ ಕೊಡಿಸಿ ಕೇಳಿದರು:

"ಹೆಂಗಾತು?"

"ಸೊಂಟ ಹೋತ್ರಿ ಸಾಹೇಬ್ರ."

"ಬರೋಬ್ಬರಿ. ಇನ್ನ ನೀನು ಗಾಡಿ ಮಾರಾಕ ಲಾಯಕ್ ಆದಿ. ನೋಡು, ಮಾರೋನು ಮುಂದ ಕುಂತು ಮಾರ್ತಾನ. ಮನಿ ಹೆಣ್ಮಕ್ಳು ಹಿಂದ ಕುಂತು ಅನುಭವಿಸ್ತಾರ. ಯಾವ ಗಾಡಿ ಬಂದ್ರೂ ಮೊದ್ಲು ಹಿಂದ ಕುಂತು ಒಂದು ಊರು ದಾಟು. ಆಮ್ಯಾಲೆ ಬಾಯಿ ಬಿಡು."

ಆ ಮಾತನ್ನು ಕೊನೆಯವರೆಗೂ ನಡೆಸಿದೆ. ಹೊಸ ಮಾದರಿ ಬಂದರೆ ಮೊದಲು ಹಿಂದಿನ ಸಾಲಿನಲ್ಲಿ ಕೂತು ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗಿಬರುತ್ತಿದ್ದೆ. ಮೊಣಕಾಲು ಎಲ್ಲಿಗೆ ಬರುತ್ತದೆ, ಮುಂದಿನ ಸೀಟಿನ ಕೆಳಗೆ ಪಾದ ಹೋಗಲು ಜಾಗವಿದೆಯೇ, ಏ.ಸಿ. ಗಾಳಿ ಅಲ್ಲಿವರೆಗೆ ಬರುತ್ತದೋ ಅಥವಾ ಮುಂದಿನವರೇ ಕುಡಿದುಬಿಡುತ್ತಾರೋ, ಸೀರೆ ಉಟ್ಟವರು ಹತ್ತಲು ಮೆಟ್ಟಿಲು ಎಷ್ಟು ಎತ್ತರ. ಇವು ಕಂಪನಿಯ ಪುಸ್ತಕದಲ್ಲಿ ಇರುವುದಿಲ್ಲ. ಇದ್ದರೂ ಅಂಕಿಗಳಲ್ಲಿ ಇರುತ್ತವೆ. ಅಂಕಿಗೆ ಸೊಂಟ ನೋಯುವುದಿಲ್ಲ.

ಹಾಗಂತ ನಾನು ತಪ್ಪು ಮಾಡಲಿಲ್ಲವೆಂದಲ್ಲ. ಒಂದನ್ನು ಹೇಳಲೇಬೇಕು. ಹರಪನಹಳ್ಳಿಯಲ್ಲಿ ನಮ್ಮ ಶಾಖೆ ತೆರೆದ ಹೊಸತು. ನಾನು ಅಲ್ಲಿಗೆ ಬಂದಿದ್ದೆ. ಕೂಡ್ಲಿಗಿ ಹತ್ತಿರದ ಹಳ್ಳಿಯಿಂದ ಹಾಲಪ್ಪ ಎಂಬ ಹಿರಿಯರು ಬಂದರು. ಕುರಿ ಸಾಕಿದ ಮನೆತನ, ಕುರಿ ವ್ಯಾಪಾರವೂ ಇತ್ತು. ಹೆಗಲ ಮೇಲೆ ಕಂಬಳಿ. ಒಂದು ದಿನ ಏಳೂ ಸೀಟು ಎಬ್ಬಿಸಿ ಮನೆಮಂದಿಯನ್ನೆಲ್ಲ ಕೂರಿಸಿ ತೋರಿಸಿದೆ. ಎಲ್ಲರಿಗೂ ಸೇರಿತು. ಇನ್ನೊಂದು ದಿನ ಹಿಂದಿನ ಸಾಲು ಮಡಚಿ, "ಇಲ್ನೋಡ್ರಿ, ಎಂಟು ಚೀಲ ಹಿಡೀತಾವ" ಎಂದು ತೋರಿಸಿದೆ. ಅದೂ ಸೇರಿತು. ಗಾಡಿ ಕೊಂಡರು.

ಡೆಲಿವರಿ ದಿನ ಏಳು ಜನ ಬಂದರು. ಇಲ್ಲಿಂದ ನೇರ ಮೈಲಾರಕ್ಕೆ, ಮನೆದೇವರಿಗೆ. ಜೊತೆಗೆ ಸಜ್ಜೆ ರೊಟ್ಟಿಯ ಎರಡು ದೊಡ್ಡ ಬುಟ್ಟಿ, ಮೊಸರನ್ನದ ಡಬರಿ, ಶೇಂಗಾ ಹಿಂಡಿಯ ಡಬ್ಬಿ, ಚಾಪೆ, ಪೂಜೆಯ ಗಂಟು. ಏಳೂ ಜನ ಕೂತರು. ನಾನು ಹಿಂದಿನ ಬಾಗಿಲು ತೆರೆದು ಬುಟ್ಟಿ ಇಡಲು ಹೋದರೆ ಮೂರನೇ ಸಾಲಿನ ಬೆನ್ನಿಗೂ ಬಾಗಿಲಿಗೂ ನಡುವೆ ಒಂದು ಗೇಣು ಜಾಗ. ಚಾಪೆ ನಿಲ್ಲಿಸಿದ್ದಕ್ಕೇ ಮುಗಿಯಿತು. ಹಾಲಪ್ಪ ಇಳಿದು ಬಂದು ನೋಡಿದರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ತಮ್ಮಾ, ಒಂದಿನ ಮಂದಿ ಕುಂದ್ರಿಸಿ ತೋರಿಸಿದಿ. ಒಂದಿನ ಚೀಲ ಇಟ್ಟು ತೋರಿಸಿದಿ. ಎರಡೂ ಕೂಡಿಸಿ ತೋರಿಸ್ಲಿಲ್ಲ ನೋಡು."

ಷೋರೂಮಿನ ಬೈಕು ತೆಗೆದೆ. ಎರಡು ಬುಟ್ಟಿ ಹಿಂದಕ್ಕೆ ಕಟ್ಟಿದೆ, ಮೊಸರನ್ನದ ಡಬರಿ ಮುಂದೆ ತೊಡೆಗಳ ನಡುವೆ. ಮೈಲಾರದ ತನಕ ಅವರ ಗಾಡಿಯ ಹಿಂದೆ ಹೋದೆ. ತಲುಪುವಷ್ಟರಲ್ಲಿ ಪ್ಯಾಂಟು ಮೊಸರಿನಲ್ಲಿ ನೆನೆದಿತ್ತು. ಹಾಲಪ್ಪನವರ ಹೆಂಡತಿ ನನ್ನನ್ನು ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕವರು ಉಣ್ಣಲು ಕೂರುವ ತನಕ ನಿಲ್ಲಿಸಲಿಲ್ಲ. ಮರದ ನೆರಳಿನಲ್ಲಿ ಅವರ ಸಾಲಿನಲ್ಲೇ ಕೂತು ಉಂಡೆ. ಮರುವಾರ ಗಾಡಿಯ ತಲೆಯ ಮೇಲೆ ಸಾಮಾನು ಇಡಲು ಕ್ಯಾರಿಯರ್ ಹಾಕಿಸಿಕೊಟ್ಟೆ. ಅಂದಿನಿಂದ ಯಾರಿಗೆ ಗಾಡಿ ತೋರಿಸಿದರೂ, ಮನೆಮಂದಿಯನ್ನೆಲ್ಲ ಕೂರಿಸಿದ ಮೇಲೆ, "ನಿಮ್ಮ ಬುತ್ತಿ ಎಲ್ಲಿಡ್ತೀರಿ ತೋರಿಸ್ರಿ" ಅನ್ನುವುದು ನನ್ನ ರೂಢಿಯಾಯಿತು.

ಕೊಟ್ಟೂರಿನಲ್ಲಿ, ನನ್ನ ಸ್ವಂತ ಊರಿನಲ್ಲೇ, ಮತ್ತೊಂದು ಅವಮಾನ. ಕಿರಾಣಿ ವರ್ತಕರೊಬ್ಬರಿಗೆ ದೊಡ್ಡ ಗಾಡಿ ಕೊಟ್ಟೆ. ಅವರ ಓಣಿಯ ತಿರುವಿನಲ್ಲಿ ಅದು ತಿರುಗಲಿಲ್ಲ. ನಾನು ಚಿಕ್ಕಂದಿನಲ್ಲಿ ಗೋಲಿ ಆಡಿದ ತಿರುವು ಅದು. ನೆನಪಿನಲ್ಲಿ ಬಹಳ ದೊಡ್ಡದಿತ್ತು. ಹೊಸ ಗಾಡಿ ಬಹುಕಾಲ ಬೇರೆಯವರ ಬೇವಿನಮರದ ಕೆಳಗೆ ನಿಲ್ಲಬೇಕಾಯಿತು. ಮನೆ ನೋಡದೆ ಗಾಡಿ ಮಾರಬೇಡಿ, ಇಷ್ಟೇ ನಾನು ಹೇಳುವುದು.

ಕಾಲ ಬದಲಾಯಿತು. ಬೆಂಚು ಹೋಗಿ ಮುಖ ಮುಂದೆ ಮಾಡಿದ ಮೂರನೇ ಸಾಲು ಆಗಲೇ ಬಂದಿತ್ತು. ಮಧ್ಯದ ಸಾಲಿನಲ್ಲಿ ಮೂವರ ಉದ್ದ ಸೀಟಿನ ಬದಲು ಎರಡು ಬಿಡಿ ಕುರ್ಚಿಗಳು ಬಂದವು. ಅವುಗಳ ನಡುವೆ ಹಾದು ಹಿಂದಕ್ಕೆ ಹೋಗಬಹುದು. ಗಿರಾಕಿಗಳು ಫೋನಿನಲ್ಲಿ ವಿಡಿಯೊ ನೋಡಿ, ನಮಗಿಂತ ಹೆಚ್ಚು ತಿಳಿದುಕೊಂಡು ಬರತೊಡಗಿದರು. ಎಂಜಿನ್ನಿನ ಶಕ್ತಿ, ಮೇಲ್ಛಾವಣಿಯ ಗಾಜು, ಹಿಂದಿನ ಕ್ಯಾಮೆರಾ, ಎಲ್ಲವೂ ಬಾಯಿಪಾಠ. ಮೊದಲೆಲ್ಲ ಒಂದು ಗಾಡಿ ಮಾರಲು ನಾಲ್ಕು ಸಲ ಮನೆಗೆ ಹೋಗುತ್ತಿದ್ದೆವು. ಹೋಳಿಗೆ ಉಂಡು ಬರುತ್ತಿದ್ದೆವು. ಈಗ ಮನೆಯವರ ಮುಖವನ್ನೇ ನೋಡದೆ ಬುಕ್ಕಿಂಗ್ ಆಗುತ್ತದೆ. ಅದನ್ನು ತಪ್ಪೆನ್ನಲಾರೆ. ಆದರೆ ಆ ವಿಡಿಯೊಗಳಲ್ಲಿ ಯಾರೂ ಸೀರೆ ಉಟ್ಟು ಮೂರನೇ ಸಾಲಿಗೆ ಹತ್ತಿದ್ದನ್ನು ನಾನು ನೋಡಿಲ್ಲ.

ಈಗ ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ನಾನು ನಿವೃತ್ತನಾಗುವುದಕ್ಕೆ ಮೂರು ವರ್ಷ ಮೊದಲಿನ ಮಾತು. ಹಗರಿಬೊಮ್ಮನಹಳ್ಳಿಯ ಒಂದು ಮನೆ. ಅಣ್ಣ ವೀರಭದ್ರಪ್ಪ, ಬೀಜ ಗೊಬ್ಬರದ ಅಂಗಡಿ. ತಮ್ಮ ಬಸವರಾಜ, ಮೆಕ್ಕೆಜೋಳದ ವ್ಯಾಪಾರ. ಆರಡಿ ಎತ್ತರದ ಆಳು. ತಾಯಿ ಗೌರಮ್ಮ. ಅಣ್ಣನ ಹೆಂಡತಿ ಗಿರಿಜಾ, ತಮ್ಮನ ಹೆಂಡತಿ ಶೋಭಾ. ಶೋಭಾ ಕೋಗಳಿಯ ಶಾಲೆಯಲ್ಲಿ ಟೀಚರು. ಇಬ್ಬರದೂ ಕೂಡಿ ಮೂರು ಮಕ್ಕಳು, ಕಿರಿಯಳು ಇನ್ನೂ ತೊಡೆಯ ಮೇಲೆ ಕೂರುವ ವಯಸ್ಸಿನವಳು. ಬೆಳಗಾದರೆ ಒಬ್ಬರಿಗೆ ಶಾಲೆ, ಒಬ್ಬರಿಗೆ ಅಂಗಡಿ, ಒಬ್ಬರಿಗೆ ಮಾರುಕಟ್ಟೆ, ತಾಯಿಗೆ ಮೊಣಕಾಲಿನ ಚಿಕಿತ್ಸೆ. ಆ ಮನೆಯಲ್ಲಿ ಕೂತು ಮಾತಾಡುವವರೇ ಸಿಗುತ್ತಿರಲಿಲ್ಲ.

ಅಣ್ಣನಿಗೆ ಎಲ್ಲರೂ ಹಿಡಿಸುವ ಒಂದು ದೊಡ್ಡ ಗಾಡಿ ಬೇಕು. ತಮ್ಮನಿಗೆ ಎರಡು ಸಣ್ಣ ಗಾಡಿ ಬೇಕು, ಅವರವರ ಸಂಸಾರಕ್ಕೆ ಒಂದೊಂದು. ಮಾತು ಗಾಡಿಯದೇ ಆದರೂ ಅದರ ಒಳಗೆ ಬೇರೆ ಮಾತಿತ್ತು. ಎರಡು ಗಾಡಿ ಬಂದ ಮನೆಯಲ್ಲಿ ನಾಳೆ ಎರಡು ಒಲೆ ಹೂಡುತ್ತಾರೆ ಎಂಬ ಭಯ ಗೌರಮ್ಮನವರ ಮುಖದಲ್ಲಿ ಕಾಣುತ್ತಿತ್ತು. ನಮ್ಮ ಷೋರೂಮಿಗೆ ಆಗ ಪ್ರವೀಣ ಎಂಬ ಹೊಸ ಮ್ಯಾನೇಜರು ದಾವಣಗೆರೆಯಿಂದ ಬಂದಿದ್ದರು, ಚಿಕ್ಕ ವಯಸ್ಸು. "ಕೊಟ್ರೇಶಣ್ಣ, ಎರಡು ಗಾಡಿ ಹೋಗೋ ಮನೆ ಅದು. ತಮ್ಮನ ಕಡೆ ಮಾತಾಡಿ" ಎಂದು ಹೇಳಿಯೇ ಕಳಿಸಿದ್ದರು.

ನಾನು ಯಾರ ಕಡೆಯೂ ಮಾತಾಡಲಿಲ್ಲ. ಏಳು ಸೀಟಿನ ಡೆಮೊ ಗಾಡಿ ತಗೊಂಡು ಹೋಗಿ, "ಎಲ್ಲಾರೂ ಕುಂದ್ರಿ, ಶೋಭಾ ಮೇಡಮ್ಮಾರ್ನ ಕೋಗಳಿಗೆ ಬಿಟ್ಟು ಬರೋಣು" ಎಂದೆ. ಮಕ್ಕಳಲ್ಲಿ ಇಬ್ಬರು ಆಗಲೇ ಶಾಲೆಗೆ ಹೋಗಿದ್ದರು. ವೀರಭದ್ರಪ್ಪ ನಡೆಸಿದರು, ಬಸವರಾಜ ಅವರ ಪಕ್ಕ. ಮಧ್ಯದ ಎರಡು ಕುರ್ಚಿಗೆ ಗೌರಮ್ಮ, ಶೋಭಾ. ಗಿರಿಜಾ ಯಾರೂ ಹೇಳದೆಯೇ ನಡುವೆ ಹಾದು ಹಿಂದೆ ಹೋಗಿ ಕೂತರು, ಕಿರಿಯ ಮಗಳ ಜೊತೆ. ನನ್ನ ರೂಢಿಯಂತೆ ನಾನೂ ಹಿಂದಿನ ಸಾಲಿಗೇ ಹೋಗಿ ಮೂರನೆಯವನಾಗಿ ಮುದುಡಿ ಕೂತೆ.

ಮುಂದೆ ಇಬ್ಬರೂ ಗಾಡಿ ಹೊಗಳುತ್ತಿದ್ದರು. ನಾನು ಗಿರಿಜಾ ಅವರನ್ನು ನೋಡಿದೆ. ಮುಖ ಬಿಳಿಚಿತ್ತು. ಮುಷ್ಟಿಯಲ್ಲಿ ನಿಂಬೆಹಣ್ಣು, ಸೆರಗಿನ ತುದಿಯಲ್ಲಿ ಮಡಚಿದ ಪ್ಲಾಸ್ಟಿಕ್ ಕವರು. ಇದು ಇವತ್ತಿನ ತಯಾರಿಯಲ್ಲ, ಅಭ್ಯಾಸ ಎಂದು ಗೊತ್ತಾಯಿತು. ಕೋಗಳಿಯಲ್ಲಿ ಹಳೆಯ ಬಸದಿಯ ಹತ್ತಿರ ಗಾಡಿ ನಿಂತದ್ದೇ ತಡ, ಇಳಿದು ಗೋಡೆಯ ಮರೆಗೆ ಓಡಿದರು.

"ನಮ್ಮ ವೈನಿಗಿ ಗಾಡಿ ಆಗಂಗಿಲ್ರಿ" ಎಂದು ಬಸವರಾಜ ನಕ್ಕರು. ಕೆಟ್ಟ ನಗೆಯಲ್ಲ, ರೂಢಿಯ ನಗೆ. ವೀರಭದ್ರಪ್ಪನವರೂ ನಕ್ಕರು.

ನಾನು ನೀರಿನ ಬಾಟಲಿ ತಗೊಂಡು ಹೋಗಿ ಕೊಟ್ಟೆ. ಮುಖ ತೊಳೆದುಕೊಂಡರು.

"ಬಸ್ಸಿನಾಗೂ ಹಿಂಗ ಆಗ್ತೈತೇನವ್ವಾ?"

"ಇಲ್ರಿ ಅಣ್ಣಾರ. ಮುಂದ, ಡ್ರೈವರ್ ಹಿಂದಿನ ಸೀಟು ಸಿಕ್ರ ಏನೂ ಆಗಂಗಿಲ್ಲ."

"ಮತ್ತ ಇಲ್ಲಿ ಹಿಂದ ಯಾಕ ಕುಂತ್ರಿ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. "ಮತ್ಯಾರು ಕುಂದ್ರಬೇಕ್ರಿ? ಅತ್ತಿ ಮೊಣಕಾಲು ಮಡಚಂಗಿಲ್ಲ. ಶೋಭಾ ಸಾಲಿಗಿ ಹೋಗಾಕಿ, ಸೀರಿ ಮುದುಡಬಾರ್ದು. ಗಂಡಸ್ರು ಮುಂದ. ಉಳಿದಾಕಿ ನಾನs. ಮೊದ್ಲು ಬಾಡಿಗಿ ಗಾಡಿ ಮಾಡ್ತಿದ್ವಿ, ಆಗೂ ನಾನು ಹಿಂದs."

ಉಳಿದದ್ದನ್ನು ನಾನು ಕೇಳದೆಯೇ ಹೇಳಿದರು. ತವರು ಹಡಗಲಿ ಕಡೆಯ ಹಳ್ಳಿ. ಅಣ್ಣನ ಮನೆಯಲ್ಲಿರುವ ತಂದೆಗೆ ಪಾರ್ಶ್ವವಾಯು ಬಡಿದು ಎಡಗೈ ಬಿದ್ದಿದೆ. ಆ ಹಳ್ಳಿಗೆ ಬಸ್ಸು ದಿನಕ್ಕೆ ಎರಡೇ. ಹೋದರೆ ಉಳಿಯಬೇಕು, ಮನೆ ಬಿಟ್ಟು ಉಳಿಯುವಂತಿಲ್ಲ. ಗಾಡಿ ಮಾಡಿಕೊಂಡು ಹೋದರೆ ಇಳಿದ ಮೇಲೆ ಅರ್ಧ ದಿನ ಮಲಗಬೇಕು. "ಅಪ್ಪನ್ನ ನೋಡಾಕ ಹೋಗಿ, ಅಪ್ಪನ ಕೈಲೆ ನಾನs ಆರೈಕಿ ಮಾಡಿಸ್ಕೊಂಡು ಬರಬೇಕ್ರಿ. ಅದಕ್ಕs ಹೋಗೋದs ಬಿಟ್ಟೀನಿ. ಎರಡು ವರ್ಷ ಆತು."

ಶೋಭಾ ಶಾಲೆಗೆ ಹೋದರು. ಮರಳುವಾಗ ನಾನು ಒಂದು ಕೆಲಸ ಮಾಡಿದೆ. "ಬಸವರಾಜಣ್ಣಾರ, ಗಾಡಿ ತೊಗೊಳ್ಳಾಕ ಬಂದೋರು ಎಲ್ಲಾ ಸೀಟೂ ನೋಡಬೇಕು. ನೀವು ಹಿಂದ ಬರ್ರಿ. ವೈನಿಯಾರು ಮುಂದ ಕುಂದ್ರಲಿ" ಎಂದೆ. ಆರಡಿ ಆಳು ಮೂರನೇ ಸಾಲಿನಲ್ಲಿ ಕೂತಾಗ ಮೊಣಕಾಲು ಗದ್ದಕ್ಕೆ ಬಂತು. ಮೊದಲ ಹಳ್ಳಕ್ಕೆ "ಯಪ್ಪಾ" ಎಂದರು. ಎರಡನೆಯದಕ್ಕೆ ತಲೆ ಹಿಡಿದುಕೊಂಡರು. ಅರ್ಧ ದಾರಿಯಲ್ಲಿ, "ಅಣ್ಣಾ, ಸಾವಕಾಶ ಹೊಡಿಯೋ ಮಾರಾಯ, ಇಲ್ಲಿ ಒಬ್ಬಾವ ಜೀವಂತ ಅದಾನ" ಎಂದು ಕೂಗಿದರು. ಗೌರಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಗಿರಿಜಾ ಮುಂದೆ ರಸ್ತೆ ನೋಡುತ್ತ ಕೂತಿದ್ದರು. ಏನೂ ಆಗಲಿಲ್ಲ.

"ನೋಡ್ರಿ, ಮುಂದಿನ ದಾರಿ ಕಂಡ್ರ ಹೊಟ್ಟಿ ತೊಳಸಂಗಿಲ್ಲ" ಎಂದೆ. "ಗಾಡಿ ಹೊಡಿಯೋರಿಗಂತೂ ವಾಂತಿ ಆಗಿದ್ದು ನಾನು ನೋಡೇ ಇಲ್ಲ."

ಗಿರಿಜಾ ಗಂಡನ ಕಡೆ ತಿರುಗಿ, "ಹಂಗಾರ ನಾನs ಹೊಡಿಯಾಕ ಕಲೀತೀನ್ರಿ" ಎಂದರು.

ವೀರಭದ್ರಪ್ಪ ದೊಡ್ಡದಾಗಿ ನಕ್ಕರು. ಗಿರಿಜಾ ಮತ್ತೆ ರಸ್ತೆಯ ಕಡೆ ತಿರುಗಿದರು.

ಕೊನೆಗೆ ಅವರು ಆ ಏಳು ಸೀಟಿನ ಗಾಡಿಯನ್ನೇ ಕೊಂಡರು. ಮೂರನೇ ಸಾಲಿನ ರುಚಿ ಕಂಡ ಬಸವರಾಜ, "ಹಿಂದ ಹುಡುಗ್ರು ಕುಂದ್ರಬೇಕು, ಇಲ್ಲಾ ಪಾಳಿ ಹಚ್ಚಬೇಕು. ವೈನಿ ಒಬ್ರs ಕುಂದ್ರೋದು ನ್ಯಾಯ ಅಲ್ಲ" ಎಂದು ತಾವೇ ತೀರ್ಪು ಕೊಟ್ಟರು. ಎರಡು ಸಣ್ಣ ಗಾಡಿಯ ಮಾತು ನಿಂತಿತು. ಷೋರೂಮಿನಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ. "ಎರಡು ಹೋಗೋ ಮನೆಗೆ ಒಂದು ಕೊಟ್ಟು ಬಂದ್ರಲ್ಲ. ನಿಮ್ಮದು ಹಳೇ ಪದ್ಧತಿ ಆತು ಕೊಟ್ರೇಶಣ್ಣ" ಎಂದರು ಪ್ರವೀಣ. ಮುಂದಿನ ತಿಂಗಳು ನನ್ನನ್ನು ಮಾರಾಟದಿಂದ ತೆಗೆದು ಸರ್ವೀಸ್ ಕೌಂಟರಿನಲ್ಲಿ ಕೂರಿಸಿದರು. ಬಂದ ಗಾಡಿಯ ನಂಬರು ಬರೆದುಕೊಳ್ಳುವುದು, ದೂರು ಕೇಳುವುದು. ಬೇಜಾರಾಯಿತು. ಗಾಜಿನ ಆಚೆ ಹೊಸ ಗಾಡಿಗಳು ನಿಂತಿರುತ್ತಿದ್ದವು, ಬೇರೆಯವರು ಬಾಗಿಲು ತೆರೆದು ತೋರಿಸುತ್ತಿದ್ದರು. ನನ್ನ ಕೈ ಸುಮ್ಮನಿರುತ್ತಿರಲಿಲ್ಲ.

ಒಂದು ದಿನ ಆ ಕೌಂಟರಿನ ಫೋನಿಗೆ ಗೌರಮ್ಮ ಮಾತಾಡಿದರು.

"ತಮ್ಮಾ, ನಾನಪ, ಹಗರಿಬೊಮ್ಮನಹಳ್ಳಿ ಗೌರಮ್ಮ. ನನ್ನ ಹಿರಿ ಸೊಸಿ ನಮ್ಮೂರಾಗ ಡ್ರೈವಿಂಗ್ ಸ್ಕೂಲಿಗಿ ಹೋಗಿ ಲೈಸನ್ಸ್ ಮಾಡಿಸ್ಯಾಳ. ಗಂಡಗ ಗೊತ್ತಿಲ್ಲ. ಸಣ್ಣ ಕಾರು ಹೊಡೀತಾಳ, ಈ ಎತ್ತರದ್ದು ಕೈಗಿ ಬಂದಿಲ್ಲ. ಹೊಸಾದು ಗುದ್ದಿಗಿದ್ದೀಯಾ ಅಂತ ಮುಟ್ಟಾಕ ಬಿಡಂಗಿಲ್ಲ ಅವ. ನೀನು ಕಲಸು."

"ಅಮ್ಮಾರ, ನನಗ್ಯಾಕ ಈ ಉಸಾಬರಿ?"

"ನೀನs ಅಲ್ಲೇನು ಹೇಳಿದ್ದು, ಹೊಡಿಯೋರಿಗೆ ವಾಂತಿ ಆಗಂಗಿಲ್ಲಂತ? ಹೇಳಿದ ಮ್ಯಾಲೆ ಕಲಸಬೇಕು. ಗುರುವಾರ ಗುರುವಾರ ನನ್ನ ಮೊಣಕಾಲಿಗಿ ಹರಪನಹಳ್ಳಿಗೆ ಬರ್ತೀವಿ. ತಯಾರಿರು."

ಅತ್ತೆ ಸೊಸೆ ಬಸ್ಸಿನಲ್ಲಿ ಬಂದರು. ಲೈಸನ್ಸ್ ಇದ್ದವರಿಗೆ ಟೆಸ್ಟ್ ಡ್ರೈವ್ ಕೊಡಬಹುದು. ಆ ನೆಪದಲ್ಲಿ ಮಧ್ಯಾಹ್ನ ಡೆಮೊ ಗಾಡಿ ಹೊರಗೆ ತೆಗೆದೆ. ಒಂದೇ ಗಿರಾಕಿಗೆ ನಾಲ್ಕು ಗುರುವಾರ ಟೆಸ್ಟ್ ಡ್ರೈವ್ ಕೊಟ್ಟದ್ದು ನಿಯಮಕ್ಕೆ ಸರಿಯಲ್ಲ. ಹೊಸಬರು ನನ್ನನ್ನು ನೋಡಿ ಕಲಿಯಬೇಡಿ. ಊರ ಹೊರಗೆ ಗಿರಿಜಾ ಸ್ಟೇರಿಂಗ್ ಹಿಡಿಯುತ್ತಿದ್ದರು, ನಾನು ಪಕ್ಕ, ಗೌರಮ್ಮ ಮಧ್ಯದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಶಿವಶಿವಾ ಅನ್ನುತ್ತ. ಎರಡನೇ ವಾರಕ್ಕೆ ಶಿವಶಿವಾ ನಿಂತಿತು. ಮೂರನೇ ವಾರ, "ಮುಂದಿನ ಲಾರಿ ಹಿಂದ ಹಾಕು" ಎಂದು ಸೊಸೆಗೆ ಹುರುಪು ಕೊಟ್ಟರು. ನಾನು ಬೈದು ಸುಮ್ಮನಾಗಿಸಿದೆ.

ನಾಲ್ಕನೇ ಗುರುವಾರ ಎಲ್ಲ ಚೆನ್ನಾಗಿ ಹೋಯಿತು. ಷೋರೂಮಿಗೆ ಮರಳಿ, ಗಾಡಿಯನ್ನು ಹಿಮ್ಮುಖವಾಗಿ ಜಾಗಕ್ಕೆ ನಿಲ್ಲಿಸಿರಿ ಎಂದೆ. ಗಿರಿಜಾ ಹಿಂದೆ ತಂದರು. ಗೇಟಿನ ಕಂಬಕ್ಕೆ ಬಡಿದ ಸದ್ದಿಗೆ ಒಳಗಿದ್ದವರೆಲ್ಲ ಹೊರಗೆ ಬಂದರು. ಮೂಲೆ ತಗ್ಗಾಗಿ ದೀಪ ಒಡೆದಿತ್ತು. ಗಿರಿಜಾ ಸ್ಟೇರಿಂಗ್ ಬಿಡಲಿಲ್ಲ.

"ಸಾಕ್ರಿ ಅಣ್ಣಾರ. ನನ್ನಿಂದ ಆಗಂಗಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡ್ರಿ."

ಪ್ರವೀಣ ಬಂದು ನೋಡಿದರು. "ನಾನೇ ಗುದ್ದಿದೆ ಸಾರ್" ಎಂದೆ. ಗೌರಮ್ಮ ಕೋಲು ಊರಿಕೊಂಡು ಇಳಿದರು.

"ಸುಳ್ಳು ಹೇಳಬ್ಯಾಡ ತಮ್ಮಾ. ಗುದ್ದಿದ್ದು ನನ್ನ ಸೊಸಿ. ಕಲಿಯಾಕ ಬಂದಿದ್ಲು. ಏನಪಾ ಸಾಹೇಬಾ, ನೀನು ಸೈಕಲ್ ಕಲಿಯೋ ಮುಂದ ಬೀಳ್ಲಿಲ್ಲೇನು?"

ಪ್ರವೀಣ ಆಕೆಗೆ ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು, ಆಮೇಲೆ ವೀರಭದ್ರಪ್ಪನವರಿಗೆ ಫೋನು ಮಾಡಿದರು. ಮ್ಯಾನೇಜರ್ ಆದವನು ಮಾಡಲೇಬೇಕಾದದ್ದು. ನನಗೆ ಆಗ ಸಿಟ್ಟು ಬಂದಿತ್ತು, ಈಗ ಇಲ್ಲ.

ಒಂದು ತಾಸಿನ ಮೇಲೆ ವೀರಭದ್ರಪ್ಪ ತಮ್ಮ ಗಾಡಿಯಲ್ಲಿ ಬಂದರು. ಒಡೆದ ದೀಪ ನೋಡಿದರು, ತಾಯಿಯನ್ನು ನೋಡಿದರು, ಹೆಂಡತಿಯನ್ನು ನೋಡಲಿಲ್ಲ.

"ಎಷ್ಟು ದಿನದಿಂದ ನಡದೈತಿ ಯವ್ವಾ ಇದು?"

"ನಾಕು ವಾರ. ನನ್ನ ಮೊಣಕಾಲು ಎರಡನೇ ವಾರದಾಗs ನೆಟ್ಟಗಾಗೈತಿ. ಉಳಿದ ಎರಡು ವಾರ ಇದಕ್ಕs ಬಂದೀವಿ."

"ಗಿರಿಜಾ, ನನಗೊಂದು ಮಾತು ಹೇಳಬಾರ್ದಾ?"

ಗಿರಿಜಾ ತಲೆ ಎತ್ತಿದರು. "ಹೇಳಿದ್ನೆಲ್ರಿ. ಕೋಗಳಿಯಿಂದ ಬರಬೇಕಾದ್ರ. ನೀವು ನಕ್ರಿ."

ಷೋರೂಮಿನಲ್ಲಿ ಹತ್ತು ಜನ ಇದ್ದೆವು. ಎಲ್ಲರಿಗೂ ಕೇಳಿಸಿತು. ವೀರಭದ್ರಪ್ಪ ನೆಲ ನೋಡುತ್ತ ನಿಂತರು. ಕೆಟ್ಟ ಮನುಷ್ಯರಲ್ಲ ಅವರು. ಆ ನಗೆ ಅವರಿಗೆ ನೆನಪೂ ಇರಲಿಲ್ಲವೇನೋ. ಆಗ ನೆನಪಾದದ್ದು ಮುಖದಲ್ಲಿ ಕಂಡಿತು. ಜೇಬಿನಿಂದ ಬೀಗದ ಕೈ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಹೊರಗೆ ಹೋಗಿ, ತಮ್ಮ ಗಾಡಿಯ ಎಡಗಡೆ ಬಾಗಿಲು ತೆರೆದು, ಕೂತರು.

"ಬಾ" ಎಂದರು ಒಳಗಿನಿಂದ. "ನಿನಗ ಬಂದಂಗ ಹೊಡಿ, ಹೋಗೋಣು."

ಗಿರಿಜಾ ಎರಡು ನಿಮಿಷ ಅಲ್ಲೇ ನಿಂತಿದ್ದರು. ಆಮೇಲೆ ಕಣ್ಣು ಒರೆಸಿಕೊಂಡು ಹೋಗಿ ಸ್ಟೇರಿಂಗಿನ ಮುಂದೆ ಕೂತರು, ಗೌರಮ್ಮ ಹಿಂದೆ ಹತ್ತಿದರು. ಅದೇ ಗೇಟಿನಿಂದ, ಅದೇ ಕಂಬದ ಪಕ್ಕದಿಂದ, ಎರಡು ಬೆರಳು ಅಂತರದಲ್ಲಿ ಗಾಡಿಯನ್ನು ಹೊರಗೆ ತೆಗೆದರು. ನಾವೆಲ್ಲ ಉಸಿರು ಹಿಡಿದು ನೋಡಿದೆವು. ಗೌರಮ್ಮ ಕಿಟಕಿಯಿಂದ ನನಗೆ ಕೈ ಬೀಸಿದರು.

ನನ್ನನ್ನು ಮತ್ತೆ ಮಾರಾಟದ ಕಡೆಗೆ ಹಾಕಲಿಲ್ಲ. ನಿವೃತ್ತಿಯ ದಿನದವರೆಗೂ ಆ ಕೌಂಟರಿನಲ್ಲೇ ಕೂತೆ. ಅದರ ಬಗ್ಗೆ ದೂರಿಲ್ಲ. ಹೊಸಬರಿಗೆ ಇದನ್ನೂ ಹೇಳಬೇಕಲ್ಲ ಎಂದು ಹೇಳಿದೆ: ಮನೆಯವರಿಗೆ ಯಾವುದು ಸರಿಯೋ ಅದನ್ನು ಕೊಟ್ಟರೆ ಶಭಾಶ್ ಸಿಕ್ಕೇ ಸಿಗುತ್ತದೆ ಅಂತಿಲ್ಲ.

ಅದಾದ ಮೇಲೆ ಒಂದು ಮಳೆಗಾಲದಲ್ಲಿ, ಕೌಂಟರಿನಲ್ಲಿ ಗದ್ದಲವಿದ್ದಾಗ, ಗೌರಮ್ಮ ಮತ್ತೆ ಫೋನು ಮಾಡಿದರು.

"ತಮ್ಮಾ, ನಿನ್ನಿ ಹಡಗಲಿ ಕಡೆ ಹೋಗಿದ್ವಿ, ಬೀಗರ ಊರಿಗೆ. ನಾನು, ಗಿರಿಜಾ, ಇಬ್ರs. ಆಕಿಗಿ ದಾರ್ಯಾಗ ಏನೂ ಆಗ್ಲಿಲ್ಲ. ನಾವು ಬರ್ತೀವಂತ ಹೇಳಿರ್ಲಿಲ್ಲ. ಬೀಗರು ಕಟ್ಟಿ ಮ್ಯಾಲೆ ಕುಂತಿದ್ರು. ಮನಿ ಮುಂದ ಗಾಡಿ ಬಂದು ನಿಂತ ಕೂಡ್ಲೆ, ಅಳಿಯಂದ್ರು ಬಂದ್ರು ಅಂತ ತಿಳದು, ಬಲಗೈಲೆ ಕಂಬ ಹಿಡ್ಕೊಂಡು ಎದ್ದು ನಿಂತು, ಹೆಗಲ ಮ್ಯಾಲಿನ ವಸ್ತ್ರ ಸರಿ ಮಾಡ್ಕೊಂಡ್ರು. ಬಾಗಿಲು ತೆಗೆದು ಇಳಿದಾಕಿ ಮಗಳು."

"ಏನಂದ್ರು?" ಎಂದೆ.

"ಗಾಡಿ ಕಡೆ ಹಣಿಕಿ ನೋಡಿದ್ರಪ, ಅಳಿಯಂದ್ರಿಲ್ಲ. ಆಮ್ಯಾಲೆ, 'ನೀನs ಹೊಡ್ಕೊಂಡು ಬಂದೇನವ್ವಾ?' ಅಂದ್ರು. ಹೂನಪ್ಪ ಅಂದ್ಲು. 'ಹಂಗಾರ ನನ್ನೊಂದು ಸಾರಿ ಹೊಳಿ ದಂಡಿಗಿ ಕರ್ಕೊಂಡು ಹೋಗು. ಕೈ ಬಿದ್ದಾಗಿಂದ ಹೊಳಿ ನೋಡಿಲ್ಲ' ಅಂದ್ರು. ಮನ್ಯಾಗ ನೀರು ಸೈತ ಕುಡೀಲಿಲ್ಲ ನಾವು. ಹಂಗs ಹತ್ತಿಸ್ಕೊಂಡು ಹೋದ್ವಿ. ಅವರ್ನ ಮುಂದ ಕುಂದ್ರಿಸಿದ್ವಿ. ತುಂಗಭದ್ರಿ ತುಂಬಿ ಬಂದಿದ್ಲು ತಮ್ಮಾ, ಈ ದಂಡಿಯಿಂದ ಆ ದಂಡಿ ತನಕ ಕೆಂಪು ನೀರು. ಅವರು ಇಳೀಲಿಲ್ಲ. ಗಾಡ್ಯಾಗs ಕುಂತು, ಮಗಳ ಕೈ ಹಿಡ್ಕೊಂಡು ನೋಡಿದ್ರು. ಭಾಳ ಹೊತ್ತು."

ಆ ಕಡೆಯಿಂದ ಮೂಗು ಏರಿಸಿದ ಸದ್ದು ಕೇಳಿತು. ಕೌಂಟರಿನ ಮುಂದೆ ಮೂರು ಜನ ಚೀಟಿ ಹಿಡಿದು ನಿಂತಿದ್ದರು. ಅವರಿಗೆ ಕೂತುಕೊಳ್ಳಿ ಎಂದು ಕೈ ತೋರಿಸಿ, ಗೋಡೆಯ ಕಡೆ ತಿರುಗಿ, ನಾನು ಫೋನು ಹಿಡಿದೇ ನಿಂತೆ.